ದಾರಿಗೆ ಅಡ್ಡ ಮಲಗುತ್ತಿದ್ದ ಮಾಣಿಕ

“ಗುರುಗಳೇ, ಪ್ರೀತಿಸಿದವರನ್ನು ಮರೆಯುವುದು ಪಾಪವೇ?”

ಶಿಷ್ಯ ಊರಿಗೆ ಹೋಗಿ ಆಗಷ್ಟೇ ಮರಳಿದ್ದ. ಕುಟೀರದೊಳಗೆ ಕಾಲಿಟ್ಟವನು ಸ್ವಲ್ಪ ಹೊತ್ತು ಕದ ಹಿಡಿದೇ ನಿಂತು, ಆಮೇಲೆ ಮುಚ್ಚಿ ಬಂದು ಕುಳಿತು ಈ ಮಾತು ಕೇಳಿದ. ಅವನ ಮನೆಯ ನಾಯಿ ಸತ್ತು ವರ್ಷವಾಗಿತ್ತು. ಅವನು ಎಲ್ಲಿಗೆ ಹೋದರೂ ಹಿಂದೆಯೇ ಬರುತ್ತಿದ್ದ ನಾಯಿ. ಈಗ ಅದರ ಮುಖ ಕಣ್ಣಿಗೆ ಕಟ್ಟುತ್ತಿರಲಿಲ್ಲ, ಬೊಗಳುವ ದನಿಯೂ ನೆನಪಿಗೆ ಬರುತ್ತಿರಲಿಲ್ಲ. ತಾನು ಇಷ್ಟು ಕೃತಘ್ನನೇ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

ಗುರುಗಳು ನಕ್ಕರು. “ಪಾಪದ ಮಾತು ಆಮೇಲಿರಲಿ, ಮೊದಲು ಕತೆ ಕೇಳು” ಎಂದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಮಾಣಿಕ ಎಂಬ ನಾಯಿ ಇತ್ತು. ಅಷ್ಟು ದೊಡ್ಡ ಮನೆಯಲ್ಲಿ ಆ ಪುಣ್ಯಾತ್ಮನಿಗೆ ಮಲಗಲು ಬೇಕಾಗಿದ್ದದ್ದು ಒಂದೇ ಜಾಗ, ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿ. ಅಲ್ಲೇ ಅಡ್ಡಲಾಗಿ ಮೈ ಚಾಚುತ್ತಿತ್ತು. ‘ಏಳೋ ಮಹಾರಾಯ’ ಎಂದರೆ ಬಾಲ ಅಲ್ಲಾಡಿಸುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಬೈದು ಬೈದು ಸಾಕಾಗಿ ಮನೆಯವರೆಲ್ಲ ಅದನ್ನು ದಾಟಿಕೊಂಡೇ ಓಡಾಡಿದರು. ಕೊನೆಗೆ ಅದಕ್ಕೆ ಮುಪ್ಪು ಬಂತು. ಅದೇ ಜಾಗದಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟಿತು.

ಕೆಲವು ವರ್ಷ ಕಳೆದವು. ಮಗನ ಮದುವೆಯಾಗಿ ಸೊಸೆ ಬಂದಳು. ಒಂದು ದಿನ ವ್ಯಾಪಾರಿಗೆ ಮಾಣಿಕನ ಚಿತ್ರವನ್ನು ಗೋಡೆಯ ಮೇಲೆ ಬರೆಸಬೇಕು ಎನಿಸಿತು. ಚಿತ್ರಗಾರನನ್ನು ಕರೆಸಿದ.

ಚಿತ್ರಗಾರ, ಕಿವಿ ನೆಟ್ಟಗಿತ್ತೋ ಮಡಚಿತ್ತೋ ಎಂದು ವಿಚಾರಿಸಿದ. ವ್ಯಾಪಾರಿ ನೆಟ್ಟಗಿತ್ತು ಎಂದ. ಹೆಂಡತಿ ಮಡಚಿತ್ತು ಎಂದಳು. ಮಗ, ಒಂದು ನೆಟ್ಟಗೆ, ಒಂದು ಮಡಚಿ ಎಂದ. ಬಾಲದ ತುದಿ ಬಿಳಿಯೋ ಅಲ್ಲವೋ, ಅದಕ್ಕೂ ಜಗಳ. ವ್ಯಾಪಾರಿಯ ಮುಖ ಬಾಡಿಹೋಯಿತು. ‘ಅನ್ನ ಹಾಕಿದ ನಮಗೇ ನೆನಪಿಲ್ಲವೆಂದ ಮೇಲೆ, ಅದು ಈ ಮನೆಯಲ್ಲಿ ಇದ್ದದ್ದೂ ಇಲ್ಲದಂತೆಯೇ ಆಯಿತಲ್ಲ’ ಎಂದು ಗೋಡೆಗೆ ಒರಗಿ ಕುಳಿತುಬಿಟ್ಟ.

ಅಷ್ಟರಲ್ಲಿ ಸೊಸೆ ಚಿತ್ರಗಾರನಿಗೆಂದು ಅಡುಗೆಮನೆಯಿಂದ ಮಜ್ಜಿಗೆ ತಂದಳು. ದಾರಿಯಲ್ಲಿ ಸೀರೆಯ ನೆರಿಗೆಯನ್ನು ತುಸು ಎತ್ತಿ, ಬರಿಯ ನೆಲದ ಮೇಲೆ ಉದ್ದನೆಯ ಹೆಜ್ಜೆ ಹಾಕಿ ದಾಟಿದಳು.

‘ಅಲ್ಲೇನಿದೆಯಮ್ಮಾ, ಹಾಗೆ ದಾಟಿದೆ?’ ಎಂದು ವ್ಯಾಪಾರಿ ಕೇಳಿದ.

‘ನನಗೇನು ಗೊತ್ತು ಮಾವ? ಬಂದ ದಿನದಿಂದ ನೋಡುತ್ತಿದ್ದೇನೆ, ನೀವೆಲ್ಲ ಹಾಗೇ ದಾಟುತ್ತೀರಿ. ಈ ಮನೆಯ ಪದ್ಧತಿ ಇರಬೇಕು ಅಂದುಕೊಂಡೆ.’

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವ್ಯಾಪಾರಿಗೆ ನಗು ಬಂತು. ನಗುನಗುತ್ತಲೇ ಕಣ್ಣು ತುಂಬಿತು. ‘ಪದ್ಧತಿಯೇ ಕಣಮ್ಮಾ, ಬಿಡಬೇಡ’ ಎಂದ. ಚಿತ್ರಗಾರ ಮಜ್ಜಿಗೆ ಕುಡಿದು, ಬಣ್ಣದ ಕುಡಿಕೆಗಳನ್ನು ಕಟ್ಟಿಕೊಂಡು ಹೊರಟ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವರ ಕಾಲಿಗಾದರೂ ನೆನಪಿತ್ತು ಗುರುಗಳೇ. ನನ್ನಲ್ಲಿ ಅಷ್ಟೂ ಉಳಿದಿಲ್ಲ” ಎಂದ.

ಗುರುಗಳು ಮುಚ್ಚಿದ ಬಾಗಿಲ ಕಡೆ ನೋಡಿದರು.

“ಹಾಗಾದರೆ, ಈಗ ಒಳಗೆ ಬಂದವನು ಅಷ್ಟು ಹೊತ್ತು ಕದ ಹಿಡಿದು ನಿಂತದ್ದು, ಹಿಂದೆ ಯಾರು ಬರಲಿ ಎಂದಪ್ಪಾ?”