ಬೀರನಾಯಕನ ಬುಟ್ಟಿಚೆಂಡು

"ಕಗ್ಗಲ್ಲುದುರ್ಗದ ಪ್ರಜೆಗಳೆಲ್ಲ ಕೇಳಿ! ದೊರೆ ಬೀರನಾಯಕರು ಮೂರು ಒಗಟು ಹಾಕುತ್ತಾರೆ. ಹೊತ್ತು ಮುಳುಗುವುದರೊಳಗೆ ಮೂರನ್ನೂ ಬಿಡಿಸಿದವನಿಗೆ ಕೇಳಿದ್ದು ಕೊಡುತ್ತಾರೆ. ಬಿಡಿಸದವನ ತಲೆ ಹೋಗುತ್ತದೆ!"

ಡಂಗುರದವನು ಹೀಗೆ ಸಾರಿಕೊಂಡು ಹೋದರೆ ಜನ ಬಾಗಿಲು ಹಾಕಿಕೊಂಡರು. ಅರಸರಿಗೆ ಹುಚ್ಚು ಹಿಡಿದರೆ ನಾವು ನೀವು ಏನು ಮಾಡುವುದು ಹೇಳಿ. ಆದದ್ದು ಇಷ್ಟು. ಮಳೆಗಾಲದಲ್ಲಿ ಕೋಟೆಯ ಸೈನಿಕರಿಗೆ ಕೆಲಸವಿಲ್ಲ. ಉದ್ದನೆಯ ಹಜಾರದಲ್ಲಿ ಚರ್ಮದ ಚೆಂಡು ಇಟ್ಟುಕೊಂಡು ಆಡುತ್ತಿದ್ದರು. ಚೆಂಡು ಹಿಡಿದು ಓಡಿದವನ ಮೇಲೆ ಉಳಿದವರೆಲ್ಲ ದಬದಬ ಬೀಳುವುದೇ ಆಟ. ಹಾಗೆ ಬಿದ್ದವರ ಅಡಿಯಲ್ಲಿ ಸಿಕ್ಕಿ ದೊರೆಯ ಒಬ್ಬನೇ ಮಗ ಸತ್ತುಹೋದ. ಆಟ ನಿಲ್ಲಿಸಿದರೆ ಸೈನಿಕರು ಬೇಸರಕ್ಕೆ ತಮ್ಮತಮ್ಮಲ್ಲೇ ಕತ್ತಿ ಹಿರಿದರು. ಆಡಲು ಬಿಟ್ಟರೆ ಇನ್ನೊಬ್ಬರ ಮಗ ಸಾಯುತ್ತಾನೆ. ಬೀರನಾಯಕನಿಗೆ ಕೈಕಾಲೇ ಆಡಲಿಲ್ಲ. ಯಾರೂ ಸಾಯದಂಥ ಆಟವೊಂದು ಸಿಗಲೆಂದು ಈ ಒಗಟು ಹಾಕಿದ. ಪಾಪ, ದುಃಖ ಯಾರಿಗಿಲ್ಲ? ಆದರೆ ತನ್ನ ಮಗ ಸತ್ತನೆಂದು ಊರವರ ತಲೆ ತೆಗೆಯುವುದು ಯಾವ ನ್ಯಾಯ ಎಂದು ಕೇಳುವ ಗಂಡಸು ಆ ಆಸ್ಥಾನದಲ್ಲಿ ಒಬ್ಬನೂ ಇರಲಿಲ್ಲ.

ಮೊದಲು ದಳವಾಯಿ ಮೀಸೆ ತಿರುವಿಕೊಂಡು ಬಂದ. ಒಗಟು ಕೇಳಿ, ಎಲ್ಲರಿಗೂ ಕಬ್ಬಿಣದ ಕವಚ ತೊಡಿಸಿ ಅಂದ. ಕವಚ ತೊಟ್ಟವನು ಮೇಲೆ ಬಿದ್ದರೆ ಕೆಳಗಿದ್ದವನು ಇನ್ನೂ ಬೇಗ ಸಾಯುತ್ತಾನೆ ಎಂದು ದೊರೆ ಅವನನ್ನು ಬುರುಜಿನ ಸೆರೆಗೆ ತಳ್ಳಿಸಿದ. ಆಸ್ಥಾನದ ಪಂಡಿತ ಒಬ್ಬೊಬ್ಬರಾಗಿ ಆಡಲಿ ಅಂದ. ಅದೂ ಒಂದು ಆಟವೇ? ಅವನೂ ಬುರುಜು ಸೇರಿದ. ಆಮೇಲೆ ಬಂದವನು ಲಾಯಕ್ಕೆ ಹುಲ್ಲು ಹೊರುವ ದ್ಯಾವ. ತಂದೆತಾಯಿ ಇಲ್ಲದ ತಮ್ಮ ಕೆಂಚನನ್ನು ಸಾಕಿದವನು ಅವನೇ. ಗೆದ್ದರೆ ತಮ್ಮನಿಗೊಂದು ತುಂಡು ಹೊಲ ಕೊಡಿ ಎಂದು ಮೊದಲೇ ಕೇಳಿಕೊಂಡ. ಚೆಂಡನ್ನು ಮೆತ್ತಗೆ ಮಾಡಿ ಅಂದ. ಬೀಳುವುದು ಚೆಂಡಲ್ಲವೋ, ಮನುಷ್ಯರು ಅಂದ ದೊರೆ. ಮಾರನೆಯ ಸಂಜೆ ಮೂವರ ತಲೆಯೂ ಹೋಗುವುದೆಂದು ಗೊತ್ತಾಯಿತು.

ಕೆಂಚ ಬುರುಜಿನ ಕೆಳಗೆ ನಿಂತು, ಎತ್ತರದ ಕಿಂಡಿಗೆ ರೊಟ್ಟಿಯ ಗಂಟು ಎಸೆದು ಎಸೆದು ಅತ್ತ. ಅವನೇನು ದೊಡ್ಡ ಬುದ್ಧಿವಂತನಲ್ಲ. ಆದರೂ ಬೆಳಗಾಗುತ್ತಲೇ ದೊರೆಯ ಮುಂದೆ ಹೋಗಿ, ನಾನೂ ಬಿಡಿಸುತ್ತೇನೆ ಬುದ್ಧಿ, ಬಿಡಿಸಿದರೆ ಅಣ್ಣನನ್ನು ಕೊಡಿ, ಇಲ್ಲದಿದ್ದರೆ ಅವನ ಜೊತೆಗೇ ಕಳಿಸಿ ಅಂದ.

"ಆಟದಲ್ಲಿ ಓಟವೂ ಇರಬೇಕು, ಚೆಂಡೂ ಇರಬೇಕು. ಚೆಂಡು ಹಿಡಿದವನ ಮೇಲೆ ಬೀಳಬೇಕೆಂದು ಮಾತ್ರ ಯಾರಿಗೂ ಅನಿಸಬಾರದು. ಹೇಗೆ?" ಎಂದು ದೊರೆ ಕೇಳಿದ.

ಕೆಂಚ ಅಣ್ಣನ ಕಡೆ ನೋಡಿದ. ಬುರುಜಿನಿಂದ ತಂದು ಹಜಾರದ ಕಂಬಕ್ಕೆ ಅವನನ್ನು ಕಟ್ಟಿದ್ದರು. ಕಾವಲಿನವರು ಈಟಿ ಪಕ್ಕಕ್ಕಿಟ್ಟು ಎಲೆ ಅಡಿಕೆ ಹಾಕುತ್ತಿದ್ದರು. ಓಡಲಾಗದವನ ಮೇಲೆ ಯಾರು ಕಣ್ಣಿಡುತ್ತಾರೆ?

"ಚೆಂಡು ಹಿಡಿದವನು ಓಡಬಾರದು ಬುದ್ಧಿ. ನಿಂತಲ್ಲಿಂದಲೇ ತನ್ನವರಿಗೆ ಎಸೆಯಬೇಕು, ಉಳಿದವರು ಓಡಲಿ. ನಿಂತವನನ್ನು ಕೆಡವಿದರೆ ಏನು ಸಿಗುತ್ತದೆ? ಮೈಮುಟ್ಟಿದರೆ ತಪ್ಪು ಅನ್ನಿ."

ಸಭೆ ಗುಜುಗುಜು ಅಂದಿತು. ದೊರೆಯ ಮುಖ ಕಪ್ಪಿಟ್ಟಿತು. ಗುರಿಯೊಂದು ಬೇಕು, ರಭಸದಿಂದ ಎಸೆದವನು ಸೋಲಬೇಕು, ಮೆಲ್ಲಗೆ ಎಸೆದವನು ಗೆಲ್ಲಬೇಕು, ಅಂಥ ಗುರಿ ಎಲ್ಲಿರುತ್ತದೆ ಎಂದು ಎರಡನೆಯದನ್ನು ಕೇಳಿದ. ಕೆಂಚನಿಗೆ ಹಿಂದಿನ ಸಂಜೆಯ ರೊಟ್ಟಿ ನೆನಪಾಯಿತು. ಸಿಟ್ಟಿನಿಂದ ಎಸೆದದ್ದೆಲ್ಲ ಗೋಡೆಗೆ ಬಡಿದು ವಾಪಸು ಬಂದಿತ್ತು. ಸೋತು ಸುಣ್ಣವಾಗಿ, ಕೊನೆಗೆ ಮೆಲ್ಲಗೆ ಮೇಲಕ್ಕೆ ತೂರಿದ್ದು ಒಳಗೆ ಬಿದ್ದಿತ್ತು. ತಲೆಗಿಂತ ಎತ್ತರದಲ್ಲಿ ಬಾಯಿ ಮೇಲೆ ಮಾಡಿ ಒಂದು ಬುಟ್ಟಿ ಕಟ್ಟಿಸಿ ಬುದ್ಧಿ ಅಂದ.

ದೊರೆ ಮೂರನೆಯದನ್ನು ಕೇಳಲಿಲ್ಲ. ಮಗ ಸತ್ತ ಹಜಾರದಲ್ಲಿ ಮತ್ತೆ ಚೆಂಡಿನ ಸದ್ದು ಕೇಳುವ ಧೈರ್ಯ ಅವನಿಗಿರಲಿಲ್ಲ. ಒಗಟು ಇಂಥ ಹೊತ್ತಿಗೇ ಕೇಳಬೇಕೆಂಬ ಮಾತು ಡಂಗುರದಲ್ಲಿ ಇರಲೂ ಇಲ್ಲ. ಮಧ್ಯಾಹ್ನವಾಯಿತು. ಕೈದಿಗಳನ್ನು ಬಿಚ್ಚಿ ವಧೆಯ ಬಯಲಿಗೆ ಎಳೆದುಕೊಂಡು ಹೋದರು. ಕೆಂಚ ಕಾಲಿಗೆ ಬಿದ್ದ, ಕೇಳಿ ಬುದ್ಧಿ, ಏನಾದರೂ ಕೇಳಿ ಎಂದು ಗೋಗರೆದ. ದೊರೆ ತಾಂಬೂಲ ಅಗಿಯುತ್ತಿದ್ದ. ಕೇಳದ ಪ್ರಶ್ನೆಗೆ ಯಾವ ಜಾಣ ಉತ್ತರ ಹೇಳುತ್ತಾನೆ? ಬಿಸಿಲು ಕಿಟಕಿ ದಾಟಿತು, ಗೋಡೆ ಹತ್ತಿತು. ಸಭೆಯವರು ನೆಲ ನೋಡುತ್ತ ಕೂತರು. ಅವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಬಾಯಿಬಿಟ್ಟವಳು ರಾಣಿ ಸಿರಿದೇವಿ. ಮಗ ಸತ್ತ ಮೇಲೆ ಅವಳು ಮಾತಾಡಿದ್ದೇ ಇಲ್ಲ.

"ಕೇಳಿಬಿಡಿ. ನಮ್ಮ ಮಗ ಹೀಗೆ ಆಡುತ್ತಿರಲಿಲ್ಲ" ಅಂದಳು.

ದೊರೆ ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ಕೇಳಿದ: "ಮುಂದಿರುವ ಪಕ್ಷದವರು ಚೆಂಡನ್ನು ತಬ್ಬಿಕೊಂಡು ನಿಂತುಬಿಟ್ಟರೆ? ಮೈಮುಟ್ಟುವಂತಿಲ್ಲ ಅಂದವನು ನೀನೇ. ಸೋಲುತ್ತಿರುವವರು ಏನು ಮಾಡಬೇಕು?"

"ಅವರ ಕೈಲಿ ಏನೂ ಆಗುವುದಿಲ್ಲ ಬುದ್ಧಿ. ಬೆಳಗಿನಿಂದ ನಾನು ಅದನ್ನೇ ಅನುಭವಿಸಿದ್ದೇನೆ. ಆಟದ ಕಟ್ಟಳೆಯೇ ಅವರ ಕೈ ಹಿಡಿಯಬೇಕು. ಹೊರಗಿನವನೊಬ್ಬ ನಿಂತು ಗಟ್ಟಿಯಾಗಿ ಎಣಿಸಲಿ. ಎಣಿಕೆ ಮುಗಿಯುವುದರೊಳಗೆ ಬುಟ್ಟಿಗೆ ಎಸೆಯದಿದ್ದರೆ ಚೆಂಡು ಎದುರಿನವರಿಗೆ."

ದೊರೆಗೆ ಅರ್ಥವಾಯಿತು. ಬೆರಳಿನ ಉಂಗುರ ಕಳಚಿ ಕೆಂಚನ ಕೈಗಿಟ್ಟು, ಇದನ್ನು ತೋರಿಸು, ಮೂವರನ್ನೂ ಬಿಡುತ್ತಾರೆ, ಹೊಲವೂ ನಿನ್ನದೇ, ಓಡು ಅಂದ.

ಆ ಆಟಕ್ಕೆ ಮುಂದೆ ಎಷ್ಟೋ ಕಟ್ಟಳೆ ಸೇರಿದವು. ಬುಟ್ಟಿಗೆ ಬಿದ್ದ ಚೆಂಡು ತೆಗೆಯಲು ಪ್ರತಿ ಸಲ ಏಣಿ ಹತ್ತಿ ಸಾಕಾಗಿ ತಳವನ್ನೇ ಕಿತ್ತರು. ನೆಲಕ್ಕೆ ಪುಟಿಸುತ್ತ ಹೋಗುವವನು ಓಡಬಹುದು ಅಂದರು. ಅದೆಲ್ಲ ಆಮೇಲಿನ ಮಾತು. ಕೆಂಚ ಬಯಲು ಮುಟ್ಟಿದಾಗ ದ್ಯಾವ ಆಗಲೇ ಮಂಡಿಯೂರಿದ್ದ, ಕತ್ತಿಯವನು ಪಶ್ಚಿಮದ ಕಡೆ ನೋಡುತ್ತಿದ್ದ.

ಉಂಗುರ ನೋಡಿ ಹಗ್ಗ ಬಿಚ್ಚಿದರು.

"ಯಾಕೋ ಇಷ್ಟು ಹೊತ್ತು ಮಾಡಿದೆ?" ಅಂದ ದ್ಯಾವ.

ಮೂರು ಒಗಟು ಬಿಡಿಸಿದ ಕೆಂಚ ಅಣ್ಣನನ್ನು ಬಿಗಿಯಾಗಿ ತಬ್ಬಿಕೊಂಡು ಅಲ್ಲೇ ಕೂತುಬಿಟ್ಟ. ಯಾರೂ ಎಣಿಸಲು ಹೋಗಲಿಲ್ಲ.