ಹಗ್ಗ ಹಿಡಿದ ಮೈದುನ

"ಗುರುಗಳೇ, ನನ್ನ ಅಕ್ಕನಿಗೆ ವಾಸಿಯಾಗದ ರೋಗ. ವೈದ್ಯರು ಕೈಚೆಲ್ಲಿದ್ದಾರೆ. ಅವಳು ಮಾತ್ರ ಬಂದವರನ್ನೆಲ್ಲ ನಗಿಸಿ ಕಳಿಸುತ್ತಿದ್ದಾಳಂತೆ. ಇಲ್ಲಿ ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಸಾಯುವವಳಿಗೆ ಇಲ್ಲದ ಹೆದರಿಕೆ ನನಗೇಕೆ? ಧೈರ್ಯ ಬರುವ ದಾರಿ ಹೇಳಿ. ಬಂದ ಮೇಲೆ ಅವಳನ್ನು ನೋಡಲು ಹೋಗುತ್ತೇನೆ" ಎಂದು ಶಿಷ್ಯ ಕೇಳಿದ.

"ಕೂತುಕೋ" ಎಂದರು ಗುರುಗಳು. "ಹೆದರಿಕೆಯನ್ನು ನನ್ನಷ್ಟು ಹತ್ತಿರದಿಂದ ಕಂಡವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಒಂದು ಕತೆ ಹೇಳುತ್ತೇನೆ, ಕೇಳು."

ಕಾಡಿನ ಅಂಚಿನಲ್ಲಿ ಒಬ್ಬ ಜೇನುಗಾರನಿದ್ದ. ಇಪ್ಪತ್ತೆರಡು ವರ್ಷ ಒಂದೇ ಬರೆಯಿಂದ ಜೇನು ಇಳಿಸಿದವನು. ಬರೆ ಅಂದರೆ ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆ. ಮೇಲಿನಿಂದ ಒಂದು ಕಲ್ಲು ಬಿಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿ, ಅಗಿದು, ಉಗಿದು, ಬಾಯಿ ಒರೆಸಿಕೊಂಡರೂ ಕೆಳಗೆ ಬಿದ್ದ ಸದ್ದು ಬಂದಿರುತ್ತಿರಲಿಲ್ಲ. ಅಲ್ಲಿ ಕಟ್ಟುತ್ತಿದ್ದ ಹೆಜ್ಜೇನಿನ ಒಂದೊಂದು ಹುಟ್ಟೂ ಗಾಡಿಯ ಗಾಲಿಯಷ್ಟು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

ಬರೆಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅದು ಅವರ ಕಟ್ಟಳೆ. ಒಡಹುಟ್ಟಿದವನೂ ಮುಟ್ಟುವ ಹಾಗಿಲ್ಲ. ಅಣ್ಣತಮ್ಮಂದಿರಿಗೆ ಪಾಲಿನ ಆಸೆ ಇರಬಹುದು, ಆದರೆ ತನ್ನ ಅಕ್ಕನನ್ನು ತಾನೇ ಮುಂಡೆ ಮಾಡುವವನು ಯಾರಿದ್ದಾನೆ? ಕೆಳಗಿನವನು ಒಂದು ಸಲ ಜಗ್ಗಿದರೆ ಹಗ್ಗ ಸಡಿಲ ಬಿಡಬೇಕು. ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆಯಬೇಕು. ಜಗ್ಗದೆ ಎಳೆಯಕೂಡದು. ಎಳೆದರೆ ಅವನ ತಲೆ ಬಂಡೆಗೆ ಬಡಿಯುತ್ತದೆ. ಕೆಳಗಿನವನು ಜೇನಿಗೆ ಕೇಳುವಂತೆ ಹಾಡುತ್ತಿರುತ್ತಾನೆ. ಮೇಲಿನವನು ಅದನ್ನು ಕೇಳುತ್ತಾ ನಿಂತಿರಬೇಕು, ಅಷ್ಟೇ.

ಈ ಜೇನುಗಾರನ ಮೈದುನ ಭಾರಿ ಆಳು. ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತುಗಳ ಸಮೇತ ಎಳೆದು ದಡಕ್ಕೆ ಹಾಕಿದವನು. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈ ಒಂದು ಸಲವೂ ನಡುಗಿರಲಿಲ್ಲ.

ಆಮೇಲೆ ಜೇನುಗಾರನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ವೈದ್ಯ ಹೊಟ್ಟೆ ಒತ್ತಿ ನೋಡಿ, ಕೈ ತೊಳೆದುಕೊಂಡು, ಮುಂಗಾರು ಕಾಣುವುದು ಕಷ್ಟ ಎಂದ. ಜೇನುಗಾರ, "ಅಷ್ಟರೊಳಗೆ ಒಂದು ಸಲ ಬರೆಗೆ ಇಳೀಬಹುದಾ?" ಎಂದು ಕೇಳಿದ. ವೈದ್ಯ ಮೈದುನನ ಮುಖ ನೋಡಿದ.

ಅಂದಿನಿಂದ ಮೈದುನನಿಗೆ ಕಾಲ ಕೆಳಗೆ ನೆಲವೇ ನಿಲ್ಲದಂತಾಯಿತು. ಅಕ್ಕನ ಮನೆಗೆ ಬಂದರೆ ಒಳಗೆ ಹೋಗುತ್ತಿರಲಿಲ್ಲ. ಹೊಸಿಲ ಹೊರಗೆ ನಿಂತು, ದನ ಮೇದವೇ, ಸೌದೆ ಇದೆಯೇ ಎಂದು ವಿಚಾರಿಸಿ, ಬಂದ ದಾರಿಯಲ್ಲೇ ಹೊರಟುಬಿಡುತ್ತಿದ್ದ. ಒಳಗಿನಿಂದ ಭಾವ ಕೆಮ್ಮಿದರೆ ಆ ವಿಚಾರಣೆಯನ್ನೂ ಅರ್ಧಕ್ಕೇ ಬಿಡುತ್ತಿದ್ದ. ಒಂದು ದಿನ ಅಕ್ಕ ತಡೆದು ನಿಲ್ಲಿಸಿದಳು.

"ಗಡ್ಡೆ ಇರೋದು ನಿನ್ನ ಭಾವನ ಹೊಟ್ಟೇಲಿ, ನಿನ್ನ ಹೊಟ್ಟೇಲಲ್ಲ. ಒಳಗೆ ಬಾ. ಹಗ್ಗದ ಮಾತಾಡಬೇಕಂತೆ."

ಮಾತು ಇಷ್ಟೇ. ಬರೆಗೆ ಇಳಿಯುವವನು ಕಲ್ಲಿನ ಬಿರುಕಿಗೆ ತನ್ನದೊಂದು ಗೂಟ ಹೊಡೆದಿರುತ್ತಾನೆ. ಆ ಗೂಟ ಇರುವವರೆಗೂ ಬರೆ ಅವನದು. ಸಾಯುವ ಮೊದಲು ತನ್ನ ಕೈಯಾರೆ ಅದನ್ನು ಕಿತ್ತು ಮನೆಯವರಿಗೆ ಕೊಡಬೇಕು. ಕೊಟ್ಟರೆ ಅವರು ಬೇರೊಬ್ಬನನ್ನು ಇಳಿಸಿ ಜೇನಿನಲ್ಲಿ ಪಾಲು ಪಡೆಯಬಹುದು. ಕೀಳದೆ ಸತ್ತರೆ ಹನ್ನೆರಡು ವರ್ಷ ಆ ಬರೆಗೆ ಯಾರೂ ಇಳಿಯುವಂತಿಲ್ಲ. ಜೇನುಗಾರನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವರ ಒಲೆ ಉರಿಯುತ್ತಿದ್ದುದು ಆ ಬರೆಯಿಂದ.

ಮರುದಿನ ಬಿಸಿಲೇರುವ ಹೊತ್ತಿಗೆ ಇಬ್ಬರೂ ಬರೆಯ ನೆತ್ತಿಯ ಮೇಲಿದ್ದರು. ಜೇನುಗಾರ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಜೇನು ಓಡಿಸುವ ಹೊಗೆಯ ಪಂಜು ಹಿಡಿದು, ಯಾವತ್ತಿನಂತೆ ಹಿಂದಕ್ಕೆ ನೋಡದೆ ಇಳಿದ. ಮೊದಲೆಲ್ಲ ಭಾವನ ಭಾರಕ್ಕೆ ಹಗ್ಗ ಕಿರುಗುಟ್ಟುತ್ತಿತ್ತು. ಈಗ ಖಾಲಿ ಬುಟ್ಟಿ ಇಳಿಸಿದ ಹಾಗಿತ್ತು. ಭಾರಕ್ಕೆ ಹೆದರದವನು ಆ ಹಗುರಕ್ಕೆ ಹೆದರಿದ.

ಕೆಳಗಿನಿಂದ ಹಾಡು ಬರುತ್ತಿತ್ತು. ನಡುವೆ ಒಮ್ಮೆ ನಿಂತಿತು. ಮತ್ತೆ ಬಂತು. ಇನ್ನೊಮ್ಮೆ ನಿಂತಿತು. ಮೂರನೆಯ ಸಲ ಹಾಡಿನ ಜಾಗದಲ್ಲಿ ನರಳಾಟ ಬಂತು. ಮೈದುನ ಎಳೆಯುವಂತಿಲ್ಲ. ಬಿಡುವಂತಿಲ್ಲ. ಇಳಿದು ಹೋಗಿ ಸಂತೈಸುವಂತಿಲ್ಲ. ನಿಂತು ಕೇಳಬೇಕು. ಅವನ ಕೈ ನಡುಗತೊಡಗಿತು. ಆ ನಡುಕ ಹಗ್ಗಕ್ಕೂ ಇಳಿಯಿತು.

ಅಲ್ಲೇ ಹಿಂದೆ ಒಂದು ಬೀಟೆ ಮರ. ನಾಲ್ಕು ಆಳು ಕೈ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಈ ಮರಕ್ಕೆ ನನ್ನ ನೂರರಷ್ಟು ಬಲವಿದೆ, ಇದು ನಡುಗುವುದಿಲ್ಲ ಎಂದುಕೊಂಡ ಮೈದುನ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹಗ್ಗದ ತುದಿಯನ್ನು ಮರಕ್ಕೆ ಸುತ್ತಿ, ಗಂಟು ಹಾಕಿ, ಗಂಟನ್ನು ಎರಡು ಸಲ ಎಳೆದು ನೋಡಿದ. ಆಮೇಲೆ ದಿಬ್ಬ ದಾಟಿ ಹೋಗಿ, ನರಳಾಟ ಕೇಳಿಸದ ಕಡೆ ಒಂದು ಬಂಡೆಗೆ ಬೆನ್ನು ಕೊಟ್ಟು ಕೂತ. ಆದರೂ ಕಿವಿ ಮುಚ್ಚಿಕೊಂಡ.

ಎಷ್ಟು ಹೊತ್ತು ಕೂತನೋ ಅವನಿಗೇ ಗೊತ್ತಿಲ್ಲ. ಕೈ ತೆಗೆದಾಗ ಜೇನು ಮೊರೆಯುವುದು ಬಿಟ್ಟರೆ ಏನೂ ಇಲ್ಲ. ಆ ಮೊರೆತ ಮಾತ್ರ ಮೊದಲಿಗಿಂತ ಜೋರಾಗಿತ್ತು. ಹೊಗೆ ಆರಿದರೆ ಜೇನು ಕೆರಳುತ್ತದೆ ಎಂಬುದು ಆಗ ನೆನಪಾಯಿತು. ಅವನು ಓಡಿದ. ಮರಕ್ಕೆ ಸುತ್ತಿದ ಹಗ್ಗ ಬಿಗಿಯಾಗಿಯೇ ಇತ್ತು. ಗಂಟು ಸಡಿಲಿರಲಿಲ್ಲ. ಆದರೆ ಹಗ್ಗದ ಕೆಳಗೆ ಮರದ ತೊಗಟೆ ಉಜ್ಜಿ ಉಜ್ಜಿ ಕೆಂಪಗೆ ಸುಲಿದಿತ್ತು. ಅಷ್ಟು ಸಲ ಯಾರೋ ಜಗ್ಗಿದ್ದರು. ಮರ ಅಲುಗಿರಲಿಲ್ಲ.

"ಭಾವ" ಎಂದು ಕೂಗಿದ. ಹಗ್ಗದ ಮೇಲೆ ಕೈಯಿಟ್ಟು ಕಾದ. ಏನೂ ಇಲ್ಲ. ಇನ್ನೂ ಕಾದ. ಅವನ ಎದೆ ಬಡಿತವೇ ಹಗ್ಗದಲ್ಲಿ ಕೇಳಿಸಿತು. ಆಮೇಲೆ ಒಂದು ಸಣ್ಣ ಮೀನು ಗಾಳ ಕಚ್ಚಿದ ಹಾಗೆ ಒಂದು ಜಗ್ಗು. ತುಸು ತಡೆದು ಇನ್ನೊಂದು.

ಗಂಟು ಬಿಚ್ಚಿ ಎಳೆದ. ಎಳೆದ ರಭಸಕ್ಕೆ ಅವನ ಅಂಗೈಯ ಚರ್ಮ ಹಗ್ಗಕ್ಕೇ ಅಂಟಿಹೋಯಿತು.

ಮೇಲೆ ಬಂದ ಜೇನುಗಾರನ ಮುಖ ಗುರುತು ಸಿಗುವಂತಿರಲಿಲ್ಲ. ಜೇನು ಕಡಿದು ಒಂದು ಕಣ್ಣು ಮುಚ್ಚಿಯೇ ಹೋಗಿತ್ತು. ಗೂಟ ಸೊಂಟದಲ್ಲಿತ್ತು. ನೀರು ಕುಡಿದ, ಮಲಗಿದ, ಉಳಿದ ಒಂದು ಕಣ್ಣಿನಿಂದ ಮರವನ್ನೂ ಮೈದುನನನ್ನೂ ನೋಡಿದ.

"ಅಲ್ಲಯ್ಯ, ಈ ಮರ ನನ್ನ ಹೆಂಡತಿಗೆ ಯಾವಾಗ ತಮ್ಮ ಆಯ್ತು?"

ಮೈದುನ ತಲೆ ತಗ್ಗಿಸಿದ. "ಕೈ ನಡುಗ್ತಿತ್ತು ಭಾವ. ನಾನು ಬೀಳಿಸಿಬಿಡ್ತೀನಿ ಅಂತ ಹೆದರಿದೆ. ಮರ ಗಟ್ಟಿ ಅಂತ ಕಟ್ಟಿದೆ."

"ನೀನು ನಡುಗ್ತಿದ್ದದ್ದು ನನಗೆ ಗೊತ್ತಿತ್ತು, ಹಗ್ಗ ಹೇಳ್ತಿತ್ತಲ್ಲ. ಮೇಲೆ ಮೈದುನ ಇದ್ದಾನೆ ಅಂತ ಹಾಡ್ಕೊಂಡು ಗೂಟ ಕಿತ್ತೆ. ಆಮೇಲೆ ನಡುಕ ನಿಂತೋಯ್ತು. ಎರಡು ಸಲ ಜಗ್ಗಿದೆ. ಮತ್ತೂ ಜಗ್ಗಿದೆ. ಯಾರೂ ಇಲ್ಲ." ಅವನು ಉಸಿರು ತೆಗೆದುಕೊಂಡ. "ಬೀಳೋದಕ್ಕೆ ನಾನು ಯಾವತ್ತೂ ಹೆದರಿದವನಲ್ಲ. ಇವತ್ತು ಹೆದರಿದೆ ಕಣೋ. ಪಂಚೇಲೇ ಉಚ್ಚೆ ಹೊಯ್ಕೊಂಡೆ. ನಿಮ್ಮ ಅಕ್ಕಂಗೆ ಹೇಳಬೇಡ, ಜೀವಮಾನ ಆಡ್ಕೋತಾಳೆ."

ಜೇನುಗಾರ ಇನ್ನೂ ನಲವತ್ತು ದಿನ ಬದುಕಿದ. ಮೈದುನ ಚಾಪೆಯ ಪಕ್ಕ ಬಂದು ಕೂತವನು ಏಳಲಿಲ್ಲ. ನೋವು ಬಂದಾಗ ಭಾವ ಅವನ ಕೈ ಹಿಚುಕುತ್ತಿದ್ದ. ಎತ್ತುಗಳನ್ನು ಎಳೆದ ಆ ಕೈಗೆ ಮಾಡಲು ಬೇರೆ ಕೆಲಸವೇ ಇರಲಿಲ್ಲ. ಭಾವ ಕಣ್ಣು ಮುಚ್ಚಿದರೆ ಇವನ ಉಸಿರು ನಿಲ್ಲುತ್ತಿತ್ತು. ತೆರೆದರೆ ಬರುತ್ತಿತ್ತು. "ಇಬ್ಬರಲ್ಲಿ ಯಾರಿಗೆ ಮೊದಲು ಗಂಗಾಜಲ ಬಿಡಲಿ ಅಂತಲೇ ತಿಳಿಯೋದಿಲ್ಲ" ಎಂದು ಅಕ್ಕ ಅನ್ನುತ್ತಿದ್ದಳು. ಜೇನುಗಾರ ನಗುತ್ತಿದ್ದ. ಕೊನೆಯ ದಿನದವರೆಗೂ ಮೈದುನನ ಕೈ ನಡುಗುತ್ತಲೇ ಇತ್ತು.

ಗುರುಗಳು ಇಷ್ಟಕ್ಕೇ ಕತೆ ಮುಗಿಸಿದರು. ಶಿಷ್ಯ ಇನ್ನೂ ಏನೋ ಬರುತ್ತದೆಂದು ಕಾದ.

"ಹಾಗಾದರೆ ಅವನಿಗೆ ಧೈರ್ಯ ಬಂದದ್ದು ಯಾವಾಗ, ಗುರುಗಳೇ?" ಎಂದು ಕೇಳಿದ.

"ನಿನ್ನ ಅಕ್ಕನ ಹತ್ತಿರ ಈಗ ಯಾರು ಕೂತಿದ್ದಾರೆ?" ಎಂದರು ಗುರುಗಳು.

ಶಿಷ್ಯ ಎದ್ದು ಅಕ್ಕನ ಊರಿನ ದಾರಿ ಹಿಡಿದ.