ದರ್ಜಿ ಕೊಟ್ರಮ್ಮನ ಪಿಕಪ್

ತುಂಗಭದ್ರೆಯ ದಡದಲ್ಲಿ, ತಮ್ಮ ಮನೆಯ ಹಿತ್ತಲಲ್ಲೇ ಶೆಡ್ ಹಾಕಿಕೊಂಡು ಹಯಾತ್‌ಸಾಬರು ತಗಡಿನ ಕೆಲಸ ಮಾಡುತ್ತಿದ್ದರು. ಹಳೆಯ ಗಾಡಿಗಳ ನೆಗ್ಗಿದ ಮೈಯನ್ನು ತಟ್ಟಿ ಸರಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಒಂದು ಪಿಕಪ್ ಬಂತು. ತುಕ್ಕು ಹಿಡಿದ, ಬಾಗಿಲು ಜೋತುಬಿದ್ದ ಓಬೀರಾಯನ ಕಾಲದ ಗಾಡಿ. ಅದರ ಹಿಂದೆಯೇ ನಡೆದು ಬಂದವಳು ಕೊಟ್ರಮ್ಮ. ನಲವತ್ತೈದು ವರ್ಷದ ದರ್ಜಿ.

"ಇದನ್ನ ಎಲ್ಲಿ ಹಿಡಿದೆ?" ಎಂದರು ಉಸ್ತಾದರು.

"ಗುಜರಿಯಲ್ಲಿ. ರಸ್ತೆ ಅಗಲ ಮಾಡೋವಾಗ ನನ್ನ ಅಂಗಡಿ ಹೋಯ್ತು. ಇನ್ನು ಅಂಗಡಿಗೇ ಗಾಲಿ ಹಾಕ್ತೀನಿ. ಇದರ ಹಿಂದೆ ಎರಡು ಹೊಲಿಗೆ ಮಿಷನ್ ಕೂರಿಸಿಕೊಂಡು ಸಂತೆಯಿಂದ ಸಂತೆಗೆ ಹೋಗ್ತೀನಿ."

"ಬಿಟ್ಟು ಹೋಗು. ಮಾಡಿ ಕೊಡ್ತೀನಿ."

"ಮಾಡಿ ಕೊಡೋದು ಬೇಡ, ಕಲಿಸಿ ಕೊಡಿ. ಇಂಜಿನ್ ನನ್ನ ತಮ್ಮ ನೋಡ್ಕೋತಾನೆ. ಮೈ ಕೆಲಸ ನಾನೇ ಮಾಡಬೇಕು. ಮೂರು ಗ್ಯಾರೇಜಿಗೆ ಹೋಗಿದ್ದೆ. ಮೂರೂ ಕಡೆ ನಕ್ಕರು."

ಹಯಾತ್‌ಸಾಬರು ನಗಲಿಲ್ಲ.

"ಕೈ ತೋರಿಸು."

ಅವಳು ಎರಡೂ ಕೈ ಚಾಚಿದಳು. ಸೂಜಿ ತಾಗಿ ತಾಗಿ ಬೆರಳ ತುದಿ ದಡ್ಡುಗಟ್ಟಿತ್ತು.

"ನಾಳೆ ಬಾ," ಎಂದರು.

ಮರುದಿನ ಬಂದವಳೇ ಕೇಳಿದಳು, "ಸುತ್ತಿಗೆ ಎಲ್ಲಿ?"

"ಒಂದು ವಾರ ಸುತ್ತಿಗೆ ಇಲ್ಲ. ಕಣ್ಣು ಮುಚ್ಚಿ ಗಾಡಿಯನ್ನ ಅಂಗೈಲಿ ಸವರು."

ಅವಳು ಸವರಿದಳು. ದನದ ಮೈ ಸವರಿದ ಹಾಗೆ ದಿನವಿಡೀ ಸವರಿದಳು. ಐದನೇ ದಿನ ಹೇಳಿದಳು, "ಎಡ ಬಾಗಿಲಲ್ಲಿ ಏಳು ನೆಗ್ಗು ಇವೆ."

"ಎಂಟು," ಎಂದರು ಉಸ್ತಾದರು.

ಮತ್ತೆ ಕಣ್ಣು ಮುಚ್ಚಿದಳು. ಎಂಟನೆಯದು ಹಿಡಿಕೆಯ ಕೆಳಗೆ ಸಿಕ್ಕಿತು, ಕಡಲೆಕಾಳಿನಷ್ಟು. ಅವಳ ಮುಖ ಅರಳಿತು. ಅವತ್ತೇ ಸುತ್ತಿಗೆ ಕೈಗೆ ಬಂತು.

ಬಾಗಿಲುಗಳು ನೆಟ್ಟಗಾದವು. ತೂತುಬಿದ್ದ ತಳ ಕತ್ತರಿಸಿ ಹೊಸ ತಗಡು ಬೆಸೆದಳು. ಒಂದು ಮೂಲೆಯ ತೂತಿಗೆ ಮಾತ್ರ ಸದ್ದಿಲ್ಲದೆ ಬಣ್ಣಕ್ಕೆ ಮೊದಲು ಬಳಿಯುವ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಜ್ಜಿ ನಯ ಮಾಡಿಟ್ಟಳು.

ಉಸ್ತಾದರು ಅಲ್ಲೇ ಹೆಬ್ಬೆರಳು ಒತ್ತಿದರು. ಹಪ್ಪಳದಂತೆ ಮುರಿದು ಬಿತ್ತು.

"ಬಣ್ಣ ಹೊಡೆದರೆ ಕಾಣ್ತಿರಲಿಲ್ಲ," ಎಂದಳು ಕೊಟ್ರಮ್ಮ.

"ಯಾರಿಗೆ?"

ಅವಳು ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ಅಲ್ಲಿಗೂ ತಗಡು ಬೆಸೆದಳು.

ಉಳಿದದ್ದು ಬಾನೆಟ್ಟು. ದೀಪಾವಳಿ ಕಳೆದ ಮೊದಲ ಸೋಮವಾರ ಸಂತೆಗೆ ಬರುತ್ತೇನೆಂದು ಅವಳು ಹತ್ತಾರು ಹೆಂಗಸರಿಗೆ ಮಾತು ಕೊಟ್ಟಿದ್ದಳು. ದಿನ ಹತ್ತಿರ ಬರುತ್ತಿತ್ತು. ಉಸ್ತಾದರು ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತಿನಲ್ಲಿ ಅವಳು ಬಾನೆಟ್ಟಿನ ನೆಗ್ಗಿಗೆ ಒಳಗಿನಿಂದ ಬೀಸಿ ಬೀಸಿ ಹೊಡೆದಳು.

ನೆಗ್ಗು ಹೋಯಿತು. ಆದರೆ ಬಾನೆಟ್ಟಿನ ನಡು ಪೂರಿಯಂತೆ ಉಬ್ಬಿ ನಿಂತಿತು. ಒತ್ತಿದರೆ ಟಪ್ಪನೆ ಒಳಗೆ ಹೋಗುತ್ತಿತ್ತು, ಕೈ ತೆಗೆದರೆ ಟಪ್ಪನೆ ಮೇಲೆ ಬರುತ್ತಿತ್ತು. ಮೇಲಿನಿಂದ ಹೊಡೆದಳು. ಇನ್ನಷ್ಟು ಉಬ್ಬಿತು.

ಉಸ್ತಾದರು ಬಂದು ನೋಡಿದರು. ಒಮ್ಮೆ ಒತ್ತಿದರು. ಟಪ್. ಕೈ ತೆಗೆದರು. ಟಪ್.

"ಏಟು ಹೆಚ್ಚಾಗಿ ತಗಡು ಹಿಗ್ಗಿದೆ," ಎಂದರು.

"ಬೇರೆ ಬಾನೆಟ್ಟು ಹುಡುಕ್ತೀನಿ."

"ಈ ಗಾಡಿದು ಇನ್ನೆಲ್ಲೂ ಸಿಗಲ್ಲ."

"ಹಾಗಾದರೆ ನಡುವೆ ಕತ್ತರಿಸಿ ಬೆಸುಗೆ ಹಾಕಲಾ?"

ಅವರು ಮನೆಯೊಳಗೆ ಹೋದರು. ಬರುವಾಗ ಕೈಯಲ್ಲಿ ಅರ್ಧ ಹೊಲಿದ ಅಂಗಿ ಇತ್ತು.

"ನನ್ನ ಮೊಮ್ಮಗಳು ಕತ್ತರಿಸಿದ್ದು. ಅಂಗಿಯ ಕಂಕುಳು ಚಿಕ್ಕದಾಯ್ತು, ತೋಳು ದೊಡ್ಡದಾಯ್ತು. ತೋಳನ್ನ ಅದಕ್ಕೆ ಕೂರಿಸಿ ಕೊಡು. ಕತ್ತರಿ ಮುಟ್ಟಬಾರದು."

"ಈಗಲೇನಾ?"

"ಈಗ ನಿನಗೆ ಬೇರೆ ಏನು ಕೆಲಸ ಇದೆ?"

ಕೊಟ್ರಮ್ಮ ಕಣ್ಣೊರೆಸಿಕೊಂಡು ಕಲ್ಲಿನ ಮೇಲೆ ಕೂತಳು. ತೋಳಿನ ಅಂಚಿಗೆ ಸಡಿಲವಾಗಿ ದಾರ ಓಡಿಸಿದಳು. ಮೆಲ್ಲಗೆ ದಾರ ಎಳೆದಳು. ಹೆಚ್ಚಿದ್ದ ಬಟ್ಟೆ ಕುಗ್ಗುತ್ತಾ ಬಂತು. ಅದು ಒಂದೇ ಕಡೆ ನೆರಿಗೆಯಾಗಿ ನಿಲ್ಲದಂತೆ ಉಗುರಿನಿಂದ ಸುತ್ತಲೂ ಹಂಚಿದಳು. ಇಲ್ಲಿಷ್ಟು, ಅಲ್ಲಿಷ್ಟು.

ನಡುವೆ ಕೈ ನಿಂತಿತು.

ಅವಳು ತೋಳನ್ನು ನೋಡಿದಳು. ಬಾನೆಟ್ಟನ್ನು ನೋಡಿದಳು. ಆಮೇಲೆ ಒಬ್ಬಳೇ ನಗತೊಡಗಿದಳು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡುವಷ್ಟು ನಕ್ಕಳು.

"ಉಸ್ತಾದ್, ತಗಡು ಏನು ಮಾಡಿದರೆ ಕುಗ್ಗುತ್ತೆ?"

"ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಿದರೆ ಕುಗ್ಗುತ್ತೆ."

"ನೀವು ಎಲ್ಲಿ ಕಾಯಿಸ್ತೀರಿ?"

"ಉಬ್ಬಿನ ನೆತ್ತಿಯಲ್ಲಿ. ಐವತ್ತು ವರ್ಷದಿಂದ ಹಾಗೇ ಮಾಡಿದ್ದು."

"ಒಂದೇ ಕಡೆ ಎಳೆದರೆ ಅಲ್ಲಿ ಸುಕ್ಕು ಬೀಳುತ್ತೆ ಉಸ್ತಾದ್."

"ಬೀಳುತ್ತೆ. ಆಮೇಲೆ ಎರಡು ದಿನ ಉಜ್ಜಬೇಕು."

ಕೊಟ್ರಮ್ಮ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದಳು. ಉಬ್ಬಿನ ಸುತ್ತಲೂ ಸಣ್ಣ ಸಣ್ಣ ಚುಕ್ಕೆ ಇಟ್ಟಳು. ರಂಗೋಲಿಯ ಹಾಗೆ ಕಂಡಿತು.

ಉಸ್ತಾದರು ಆ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆಸುಗೆಯ ಗ್ಯಾಸ್ ಕೊಳವೆ ಹಚ್ಚಿ ಅವಳ ಕೈಗೆ ಕೊಟ್ಟರು.

ಒಂದು ಚುಕ್ಕೆ ಕುಂಕುಮದಷ್ಟು ಕೆಂಪಾಯಿತು. ತಟ್ಟಿದಳು. ಒದ್ದೆ ಬಟ್ಟೆ ಒತ್ತಿದಳು. ಚುಸ್ ಎಂದಿತು. ಎದುರು ಬದಿಯ ಚುಕ್ಕೆಗೆ ಹೋದಳು. ಹೀಗೆ ಇಲ್ಲಿಷ್ಟು, ಅಲ್ಲಿಷ್ಟು. ಹೊತ್ತು ಇಳಿಯುವುದರೊಳಗೆ ಎಲ್ಲ ಚುಕ್ಕೆ ಮುಗಿದವು.

ಉಸ್ತಾದರು ಕಣ್ಣು ಮುಚ್ಚಿ ಅಂಗೈ ಇಟ್ಟರು. ಸವರಿದರು. ಒತ್ತಿದರು. ಸದ್ದೇ ಬರಲಿಲ್ಲ. ಇನ್ನೊಮ್ಮೆ ಸವರಿದರು.

"ಅಂಗಿ?" ಎಂದರು.

"ಅರ್ಧ ಆಗಿದೆ."

"ಮುಗಿಸು."

ದೀಪಾವಳಿ ಕಳೆದ ಸೋಮವಾರ ಸಂತೆಯಲ್ಲಿ ಗಿಳಿಹಸಿರು ಬಣ್ಣದ ಪಿಕಪ್ ಬಂದು ನಿಂತಿತು. ಹಿಂದುಗಡೆ ಎರಡು ಮಿಷನ್, ನೆರಳಿಗೆ ಮೇಲೆ ಕಟ್ಟಿದ ತಾಡಪತ್ರಿ. ಮೆಣಸಿನಕಾಯಿ ಮಾರುವವಳು ಕುಪ್ಪಸದ ಬಟ್ಟೆ ತಂದಳು. ಕುರಿ ಮಾರಲು ಬಂದವನು ಹರಿದ ಅಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲೇ ಕಾದು ನಿಂತ. ಬಾನೆಟ್ಟಿನಲ್ಲಿ ಮುಖ ಕಾಣುತ್ತದೆಂದು ಮೂವರು ಹುಡುಗಿಯರು ಅಲ್ಲೇ ಜಡೆ ಸರಿಮಾಡಿಕೊಂಡರು. ಕೊಟ್ರಮ್ಮನಿಗೆ ತಲೆ ಎತ್ತಲೂ ಬಿಡುವಿರಲಿಲ್ಲ. ಅವಳು ಹೊಲಿಯುತ್ತಲೇ ಏನೋ ಗುನುಗುತ್ತಿದ್ದಳು.

ಮಧ್ಯಾಹ್ನದ ಬಸ್ಸಿಗೆ ಹಯಾತ್‌ಸಾಬರು ಬಂದಿಳಿದರು. ಕೈ ಊರಿ ಮೆಲ್ಲಗೆ ಗಾಡಿ ಹತ್ತಿ, ಖಾಲಿಯಿದ್ದ ಎರಡನೇ ಮಿಷನ್ನಿನ ಮುಂದೆ ಕೂತರು.

ಕೊಟ್ರಮ್ಮ ಗಾಬರಿಯಿಂದ ಎದ್ದಳು. "ಗಾಡಿಯಲ್ಲಿ ಏನಾದರೂ ತಪ್ಪು ಉಳಿದಿದೆಯಾ ಉಸ್ತಾದ್?"

"ಇಲ್ಲ."

"ಏನಾದರೂ ಹೊಲಿಸೋದಿತ್ತಾ?"

"ಅದೂ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಸೂಜಿಗೆ ದಾರ ಹೇಗೆ ಪೋಣಿಸೋದು, ತೋರಿಸು."